ಬೇಸಿಗೆ ರಜೆಯಲ್ಲಿ ಓದಿದ ಕಾದಂಬರಿ ಮರೆತು ಹೋಗಬಾರದು ಅಂದ್ರೆ ಒಂದು ನೋಟ್‌ಬುಕ್ ಇಡಿ

ನಾಲ್ಕು ವರ್ಷದ ಹಿಂದೆ ಒಂದೇ ಬೇಸಿಗೆಯಲ್ಲಿ ಆರು ಕಾದಂಬರಿ ಓದಿ ಮುಗಿಸಿದ್ದೆ. ಜೂನ್ ತಿಂಗಳಲ್ಲಿ ನಮ್ಮಣ್ಣನ ಮಗಳು ಮನೆಗೆ ಬಂದಳು. ಆಗ ಅವಳು ಪಿಯುಸಿ. ಕಪಾಟಿನಿಂದ ಒಂದು ಪುಸ್ತಕ ತೆಗೆದು, "ಅತ್ತಿ, ಇದ್ರಾಗ ಏನದ?" ಅಂತ ಕೇಳಿದಳು. "ಛಲೋ ಅದ, ಓದು" ಅಂದೆ. "ಛಲೋ ಅಂದ್ರ ಏನದ ಹೇಳು" ಅಂದಳು. ಹೇಳಲು ಆಗಲಿಲ್ಲ. ಓದಿ ಎರಡು ತಿಂಗಳೂ ಆಗಿರಲಿಲ್ಲ. ಯಾರ ಕಥೆ, ಯಾವ ಊರಲ್ಲಿ ನಡೆಯುತ್ತದೆ ಅನ್ನುವುದು ನೆನಪಿತ್ತು, ಆದರೆ ಓದುವಾಗ ನನಗೆ ಏನನ್ನಿಸಿತ್ತು, ಎಲ್ಲಿ ಗಂಟಲು ಕಟ್ಟಿತ್ತು, ಎಲ್ಲಿ ಸಿಟ್ಟು ಬಂದಿತ್ತು ಅನ್ನುವುದೆಲ್ಲ ಅಳಿಸಿ ಹೋಗಿತ್ತು. ಹುಡುಗಿ ಪುಸ್ತಕ ಇದ್ದ ಜಾಗಕ್ಕೆ ಇಟ್ಟು ಮೊಬೈಲ್ ಹಿಡಿದು ಕೂತಳು. ಅವತ್ತು ರಾತ್ರಿ ನನಗೆ ತುಂಬಾ ಬೇಜಾರಾಯ್ತು.

ಮುಂದಿನ ಏಪ್ರಿಲ್‌ನಿಂದ ಒಂದು ನೋಟ್‌ಬುಕ್ ಇಟ್ಟೆ. ಇಲ್ಲಿತನಕ ಅದರಲ್ಲಿ ಹತ್ತೊಂಬತ್ತು ಪುಸ್ತಕಗಳ ಬಗ್ಗೆ ಬರೆದಿದ್ದೇನೆ. ಅದು ವಿಮರ್ಶೆ ಅಲ್ಲ. ಕಾದಂಬರಿ ನನ್ನನ್ನ ಎಲ್ಲಿ ಹಿಡಿದು ನಿಲ್ಲಿಸಿತು ಅನ್ನುವ ಲೆಕ್ಕ ಅಷ್ಟೇ. ಈ ಬೇಸಿಗೆಗೆ ನೀವೂ ಇಡಬಹುದು, ಹೇಗೆ ಅಂತ ಹೇಳ್ತೀನಿ.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ನಮ್ಮ ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬಿಸಿಲಿಗೆ ಅಂತಲೇ ಮಾಡಿದ ವ್ಯವಸ್ಥೆ ಅದು. ನಾನೂ ಅಂಥ ಒಂದು ಕಚೇರಿಯಲ್ಲೇ ಕೆಲಸ ಮಾಡೋದು. ಮಕ್ಕಳಿಗೂ ಆಗ ರಜೆ. 42, 43 ಡಿಗ್ರಿ ಬಿಸಿಲಲ್ಲಿ ಸಂಜೆ ಐದರತನಕ ಯಾರೂ ಹೊರಗೆ ಕಾಲಿಡುವುದಿಲ್ಲ, ಯಾರ ಮನೆಗೆ ಹೋದರೂ ಕೂಲರ್ ಸದ್ದೊಂದೇ. ಊಟ ಆದ ಮೇಲೆ ಶಹಾಬಾದ್ ಫರಸಿಗೆ ನೀರು ಚಿಮುಕಿಸಿ, ಒರೆಸಿ, ದಿಂಬು ಹಾಕಿಕೊಂಡು ಬರೀ ನೆಲಕ್ಕೇ ಮಲಗಿದರೆ ಬೆನ್ನಿಗೆ ತಂಪು ಹತ್ತುತ್ತದೆ. ಮೂರರಿಂದ ಐದು, ಇದು ನನ್ನ ಓದಿನ ಹೊತ್ತು.

ಹೆಣ್ಣುಮಕ್ಕಳಿಗೆ ಈ ಎರಡು ಗಂಟೆ ಸುಮ್ನೆ ಸಿಗೋದಿಲ್ಲ ಅನ್ನೋದು ನನಗೂ ಗೊತ್ತು. ಅದಕ್ಕೇ ಮನೆಯವರಿಗೆಲ್ಲ ಬಾಯಿ ಬಿಟ್ಟು ಹೇಳಿಬಿಡಿ. ನಾನು ಹೇಳಿದ್ದು ಇಷ್ಟೇ: "ಐದರತನಕ ನಾ ಓದ್ತೀನಿ, ಚಹಾ ಐದಕ್ಕೆ." ಮೊದಲ ನಾಲ್ಕು ದಿನ ನಾಲ್ಕೂಕಾಲಿಗೇ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಐದನೇ ದಿನ ನಮ್ಮ ಮನೆಯವರೇ ಚಹಾ ಇಟ್ಟು ಕರೆದರು.

ಇನ್ನು ಪುಸ್ತಕ. ಒಂದು ಬೇಸಿಗೆಗೆ ನಾಲ್ಕೈದು ಸಾಕು, ಆದರೆ ಎಲ್ಲವೂ ಒಂದೇ ಥರದ್ದು ಬೇಡ. ಒಂದಾದರೂ ನಮ್ಮ ಕಡೆಯ ಕಾದಂಬರಿ ಇರಲಿ, ಇದನ್ನ ಒತ್ತಿ ಹೇಳ್ತೀನಿ. ಗೀತಾ ನಾಗಭೂಷಣ ಅವರು ನಮ್ಮ ಜಿಲ್ಲೆಯ ಸಾವಳಗಿಯವರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಲೇಖಕಿ ಅವರೇ. ಇಷ್ಟು ಗೊತ್ತಿದ್ದೂ ನಾನು ಅದನ್ನ ಕೈಗೆತ್ತಿಕೊಂಡಿದ್ದು ಮೂವತ್ತೆಂಟನೇ ವಯಸ್ಸಿಗೆ. ಶಾಲೆಯಿಂದಲೂ ನಮಗೆ ಕಾದಂಬರಿ ಅಂದರೆ ಅಡಿಕೆ ತೋಟ, ಗದ್ದೆ, ಹೊಳೆ, ಇಲ್ಲಾಂದ್ರೆ ಮೈಸೂರು ಸೀಮೆಯ ಅಗ್ರಹಾರ. ನಾವು ಮನೆಯಲ್ಲಿ ಆಡುವ ಮಾತು, ಶಾಲೆಯಲ್ಲಿ ಆಡಿದರೆ ತಿದ್ದಿಸಿಕೊಳ್ಳುತ್ತಿದ್ದ ಮಾತು, ಪುಸ್ತಕದಲ್ಲಿ ಅಚ್ಚಾಗಿರೋದು ಕಂಡಾಗ ಮೊದಲ ಹತ್ತು ಪುಟ ಓದೋಕೆ ನನಗೆ ಕಷ್ಟ ಆಯ್ತು. ಕಣ್ಣಿಗೆ ಅಭ್ಯಾಸ ಇರಲಿಲ್ಲ. ಮೆಲ್ಲಗೆ ಬಾಯಿ ಬಿಟ್ಟು ಓದಿದೆ. ಆಗ ಸರಾಗ ಆಯ್ತು. ನೀವೂ ಹಾಗೇ ಮಾಡಿ.

ಜೊತೆಗೆ ಒಂದು ಮಳೆಯ ಪುಸ್ತಕ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂತು ತೇಜಸ್ವಿಯವರ 'ಕರ್ವಾಲೊ' ಓದಿ ನೋಡಿ. ಜೇನು ಹುಡುಕೋ ಮಂದಣ್ಣ, ವಿಜ್ಞಾನಿ ಕರ್ವಾಲೊ, ಅಡುಗೆಯ ಬಿರಿಯಾನಿ ಕರಿಯಪ್ಪ, ಎಲ್ಲರೂ ಸೇರಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ನುಗ್ತಾರೆ. ಹೊರಗೆ ಕಾದ ಗಾಳಿ ಕಿಟಕಿ ಬಡಿಯುತ್ತಿರುತ್ತದೆ, ಒಳಗೆ ನೀವು ಪಶ್ಚಿಮ ಘಟ್ಟದ ತಂಪಲ್ಲಿ ಇರುತ್ತೀರಿ. ಆ ಎರಡರ ನಡುವಿನ ಅಂತರ ಇದೆಯಲ್ಲ, ಅದನ್ನೂ ನೋಟ್‌ಬುಕ್ಕಿಗೆ ಬರೀಬೇಕು. ಎಲ್ಲಿ ಕೂತು ಓದಿದ್ರಿ ಅನ್ನೋದು ಓದಿನ ಭಾಗವೇ.

ಸಣ್ಣದೂ ಒಂದು ಬೇಕು. ದಪ್ಪ ಪುಸ್ತಕದ ನಡುವೆ ದಣಿವಾದಾಗ ಎರಡು ಮಧ್ಯಾಹ್ನಕ್ಕೆ ಮುಗಿಯುವಂಥದ್ದು. ನಾನು ವಿವೇಕ ಶಾನಭಾಗರ 'ಘಾಚರ್ ಘೋಚರ್' ಇಟ್ಟುಕೊಂಡಿದ್ದೆ.

ದುಡ್ಡು ಕೊಟ್ಟು ಎಲ್ಲವನ್ನೂ ಕೊಳ್ಳಬೇಕಿಲ್ಲ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಶೇ 6ರಷ್ಟು ಸೇರಿರುತ್ತದೆ. ಅಂದರೆ ನಗರ ಗ್ರಂಥಾಲಯದ ಪುಸ್ತಕಕ್ಕೆ ಆಗಲೇ ಹಣ ಕಟ್ಟಿದ್ದೀರಿ, ಹೋಗಿ ಸದಸ್ಯರಾಗಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅಂತಾರೆ. ಕೊಳ್ಳೋದಿದ್ದರೆ ನಮ್ಮ ಕಲಬುರಗಿಯ ಸರಸ್ವತಿ ಗೋದಾಮಿನ ಪುಸ್ತಕದ ಅಂಗಡಿಗಳಿಗೆ ಹೋಗಿ, ಆದರೆ ಸಂಜೆ ಬಿಸಿಲು ಇಳಿದ ಮೇಲೆ ಹೋಗಿ, ನಿಂತು ಹತ್ತು ಪುಟ ಓದಿ ನೋಡಿ ಕೊಳ್ಳಿ.

ಓದುವಾಗ ಏನು ಮಾಡಬೇಕು? ಗ್ರಂಥಾಲಯದ ಪುಸ್ತಕಕ್ಕೆ ಗೀಟು ಹಾಕಬೇಡಿ, ದಯವಿಟ್ಟು. ಸಾರಿಗೆ ಬಸ್ಸಿನ ಟಿಕೆಟ್‌ಗಳನ್ನ ಎಸೆಯದೆ ಇಟ್ಟುಕೊಳ್ಳಿ. ಮನಸ್ಸಿಗೆ ತಾಗಿದ ಪುಟದಲ್ಲಿ ಒಂದೊಂದು ಟಿಕೆಟ್ ಸಿಕ್ಕಿಸಿ. ಟಿಕೆಟ್ ಹಿಂದೆ ಒಂದು ಮಾತು ಮಾತ್ರ ಬರೀರಿ. "ಸುಳ್ಳು." "ಅಪ್ಪ ಹಿಂಗೇ ಅಂತಿದ್ರು." "ಇವಳು ಯಾಕೆ ಸುಮ್ಮನಿದ್ದಾಳೆ?" ಇಷ್ಟು ಸಾಕು. ಓದೋದನ್ನ ನಿಲ್ಲಿಸಿ ಉದ್ದುದ್ದ ಬರೀತಾ ಕೂತರೆ ಓದು ಅಲ್ಲೇ ಕೆಡುತ್ತದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಥರದ್ದು ಓದೋದಾದರೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಾತ್ರಗಳ ಹೆಸರು, ಯಾರ ಮನೆಯವರು, ಯಾರಿಗೆ ಏನಾಗಬೇಕು ಅಂತ ಗೆರೆ ಎಳೆದು ಬರೆದುಕೊಳ್ಳಿ. ಎಷ್ಟೊಂದು ಜನ ಬರ್ತಾರೆ ಅಂದ್ರೆ, ನೂರು ಪುಟಕ್ಕೇ ಸಾಕಪ್ಪ ಅನ್ನಿಸಿ ಕೆಳಗಿಟ್ಟವರು ನನಗೆ ತುಂಬಾ ಮಂದಿ ಗೊತ್ತು. ಆ ಒಂದು ಪುಟ ಇದ್ದಿದ್ದರೆ ಅವರು ಬಿಡುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ಹೊಸ ಮಾತುಗಳಿಗೂ ಒಂದು ಪುಟ ಮೀಸಲಿಡಿ. ಗೊರಬು, ಕಂಬಳಿಕೊಪ್ಪೆ, ಸೋಗೆ ಇವೆಲ್ಲ ಮಲೆನಾಡಿನವರಿಗೆ ದಿನನಿತ್ಯದ್ದು, ನಮಗೆ ಕೇಳಿಯೂ ಗೊತ್ತಿಲ್ಲ. ನಮ್ಮ ಎರಿ ಹೊಲ, ಕಣಕಿ, ಬಣವಿ ಅವರಿಗೆ ಹಾಗೇ. ನಾನು ಎಡಕ್ಕೆ ಅವರ ಮಾತು ಬರೆದು, ಬಲಕ್ಕೆ ನಮ್ಮಲ್ಲಿ ಅದಕ್ಕೆ ಏನಂತೀವಿ ಅಂತ ಬರೀತೀನಿ. ಎಷ್ಟೋ ಮಾತಿಗೆ ಬಲಗಡೆ ಖಾಲಿ. ಮಳೆಗೆ ಸಂಬಂಧಿಸಿದ ಮಾತುಗಳಲ್ಲಿ ಖಾಲಿ ಜಾಸ್ತಿ.

ಈಗ ಮುಖ್ಯವಾದ್ದು, ಬರೆಯೋದು. ಪುಸ್ತಕ ಮುಗಿದ ಎರಡು ದಿನದೊಳಗೆ ಬರೀಬೇಕು. ಮೂರನೇ ದಿನಕ್ಕೆ ಬಿಸಿ ಆರಿರುತ್ತದೆ. ಬರೆಯೋಕೆ ಕೂತಾಗ ಪುಸ್ತಕ ತೆರೆಯಬೇಡಿ, ಟಿಕೆಟ್‌ಗಳನ್ನೂ ನೋಡಬೇಡಿ. ಕಣ್ಣು ಮುಚ್ಚಿ, ಯಾವ ದೃಶ್ಯ ಮೊದಲು ಬರುತ್ತದೋ ಅದನ್ನ ಬರೀರಿ. ಅದು ಕಥೆಯ ದೊಡ್ಡ ಘಟನೆ ಆಗಿರಬೇಕು ಅಂತಿಲ್ಲ. 'ಘಾಚರ್ ಘೋಚರ್' ಮುಗಿಸಿದಾಗ ನನಗೆ ಮೊದಲು ಬಂದದ್ದು ಇರುವೆ. ಆ ಕುಟುಂಬ ಬಡತನದಲ್ಲಿದ್ದಾಗ ಮನೆ ತುಂಬಾ ಇರುವೆ, ತಾಯಿ ಅವುಗಳ ಮೇಲೆ ಯುದ್ಧ ಸಾರಿದವಳ ಹಾಗೆ ಇರ್ತಾಳೆ. ನಾನು ಬರೆದದ್ದು ಇದು: "ಇರುವೆ ಸಾಯಿಸುವಾಗಲೇ ಈ ಮನೆಯವರ ಕೈಗೆ ಅಭ್ಯಾಸ ಆಗಿತ್ತು. ದುಡ್ಡು ಬಂದದ್ದು ಆಮೇಲೆ. ನಮ್ಮ ಓಣಿಯಲ್ಲೂ ಒಂದು ಮನೆ ಹೀಗೇ, ಒಂದೇ ಖೋಲಿಯಲ್ಲಿದ್ದಾಗ ಒಬ್ಬರಿಗೊಬ್ಬರು ಆಗ್ತಿದ್ದರು, ಮೂರು ಅಂತಸ್ತು ಎದ್ದ ಮೇಲೆ ಬಾಗಿಲು ಹಾಕಿಕೊಂಡರು." ಆಮೇಲೆ ಟಿಕೆಟ್ ತೆಗೆದು ನೋಡಿದರೆ ಇರುವೆಯ ಪುಟದಲ್ಲಿ ನಾನು ಟಿಕೆಟ್ ಇಟ್ಟೇ ಇರಲಿಲ್ಲ. ಓದುವಾಗ ಗೊತ್ತಾಗದೆ ಒಳಗೆ ಇಳಿದಿತ್ತು.

ಕಥೆ ಹೇಳೋದು ನಾಲ್ಕು ಸಾಲು ದಾಟಬಾರದು. ನಮ್ಮಲ್ಲಿ ಪುಸ್ತಕದ ಬಗ್ಗೆ ಬರೆಯೋರು ತೊಂಬತ್ತು ಭಾಗ ಕಥೆ ಹೇಳಿ, ಕೊನೆಗೆ "ಎಲ್ಲರೂ ಓದಲೇಬೇಕಾದ ಕೃತಿ" ಅಂತ ಮುಗಿಸ್ತಾರೆ. ಕಥೆ ಪುಸ್ತಕದಲ್ಲೇ ಇದೆ, ನಿಮ್ಮ ನೋಟ್‌ಬುಕ್ಕಲ್ಲಿ ಇರಬೇಕಾದ್ದು ನೀವು. ಹಾಗೇ "ಅದ್ಭುತ", "ಮನಮುಟ್ಟುವ" ಅನ್ನೋ ಮಾತು ಬಂದ ತಕ್ಷಣ ಪೆನ್ನು ಎತ್ತಿ. ಅದರ ಬದಲು ಆ ಪುಟ ಓದಿದ ಮೇಲೆ ನೀವು ಏನು ಮಾಡಿದ್ರಿ ಅಂತ ಬರೀರಿ. ಎದ್ದು ನೀರು ಕುಡಿದ್ರಾ? ಯಾರಿಗಾದರೂ ಫೋನ್ ಮಾಡಿದ್ರಾ? ಪುಸ್ತಕ ಮುಚ್ಚಿ ಮಗನ ತಲೆ ಸವರಿದ್ರಾ? ಅದು ನಿಜವಾದ ಮಾತು.

ನಿಮಗೆ ಸರಿ ಕಾಣದ್ದನ್ನೂ ಬರೀಬೇಕು. ದೊಡ್ಡ ಲೇಖಕರು, ಪ್ರಶಸ್ತಿ ಬಂದಿದೆ, ನಾನ್ಯಾರು ಹೇಳೋಕೆ ಅಂತ ಹಿಂಜರೀಬೇಡಿ. ಈ ಹೆದರಿಕೆ ಬಿಡೋಕೆ ನನಗೆ ಕಲಿಸಿದ್ದು ನಮ್ಮತ್ತೆ.

ನಮ್ಮತ್ತೆಗೆ ಓದು ಬರಹ ಬರೋದಿಲ್ಲ. ಎರಡು ವರ್ಷದ ಹಿಂದೆ ಭೈರಪ್ಪನವರ 'ಗೃಹಭಂಗ' ಓದುತ್ತಿದ್ದೆ. ಅವರು ಪಕ್ಕದಲ್ಲಿ ಮೊರ ಇಟ್ಟುಕೊಂಡು ತೊಗರಿ ಬೇಳೆ ಹಸನು ಮಾಡ್ತಾ ಕೂತಿದ್ದರು. "ಬಾಯಿ ಮುಚ್ಕೊಂಡು ಏನ್ ಓದ್ಲತ್ತಿ, ನನಗೂ ಕೇಳಂಗ ಓದು" ಅಂದರು. ಓದಿದೆ. ಹಳೇ ಮೈಸೂರಿನ ಮಾತು ಅವರಿಗೆ ತಿಳಿಯುತ್ತೋ ಇಲ್ಲವೋ ಅಂತ ಅನುಮಾನ ಇತ್ತು. ನಂಜಮ್ಮ ಅನ್ನೋ ಹೆಣ್ಣುಮಗಳು ಕೈಲಾಗದ ಗಂಡನ ಶ್ಯಾನುಭೋಗಿಕೆ ಲೆಕ್ಕ ತಾನೇ ಬರೆದು, ಮುತ್ತುಗದ ಎಲೆ ತಂದು ಊಟದೆಲೆ ಹಚ್ಚಿ ಸಂಸಾರ ನಡೆಸ್ತಾಳಲ್ಲ, ಅಲ್ಲಿಗೆ ಬಂದಾಗ ಅತ್ತೆಯ ಕೈ ಮೊರದ ಮೇಲೆ ನಿಂತಿತು.

"ಕಡ್ಡಿ ಯಾವ್ದು?" ಅಂದರು.

"ಏನವ್ವ?"

"ಎಲಿ ಹಚ್ಚಲಾಕ ಕಡ್ಡಿ ಬೇಕಲ್ಲ. ಯಾವ ಕಡ್ಡಿ ಅಂತ ಬರದಾರ ನೋಡು."

ಹಿಂದೆ ಮುಂದೆ ಹುಡುಕಿದೆ, ನಾನು ಓದಿದ ಆ ಪುಟಗಳಲ್ಲಿ ಸಿಗಲಿಲ್ಲ. ಅತ್ತೆ ತಾವು ಬೇವಿನ ಕಡ್ಡಿಯಿಂದ ಹಚ್ಚುತ್ತಿದ್ದದ್ದು, ನೂರು ಎಲೆ ಹಚ್ಚುವ ಹೊತ್ತಿಗೆ ಹೆಬ್ಬೆರಳ ತುದಿ ಒಡೆದು ಉಪ್ಪು ತಾಗಿದರೆ ಉರಿಯುತ್ತಿದ್ದದ್ದು, 1972ರ ಬರದಲ್ಲಿ ಬೆಳಿಗ್ಗೆ ರಸ್ತೆಗೆ ಕಲ್ಲು ಒಡೆದು ಬಂದು ರಾತ್ರಿ ಚಿಮಣಿ ಬೆಳಕಲ್ಲಿ ಪತ್ರಾವಳಿ ಹಚ್ಚುತ್ತಿದ್ದದ್ದು ಎಲ್ಲ ಹೇಳಿದರು. ಹದಿನೆಂಟು ವರ್ಷ ಅವರ ಜೊತೆ ಇದ್ದೀನಿ, ಇದೊಂದೂ ನನಗೆ ಗೊತ್ತಿರಲಿಲ್ಲ. ಅಲ್ಲಿಂದ ದಿನಾ ಮೂರಕ್ಕೆ ಅವರೇ ಕರೆಯುತ್ತಿದ್ದರು. ಪ್ಲೇಗಿನ ಭಾಗ ಬಂದು ನಂಜಮ್ಮನ ಮಕ್ಕಳು ತೀರಿಕೊಂಡಾಗ, "ಇವತ್ತ ಸಾಕು, ಮುಚ್ಚು" ಅಂದು ಎದ್ದು ಹೋದರು. ಎರಡು ದಿನ ಕರೆಯಲಿಲ್ಲ. ಮೂರನೇ ದಿನ, "ಅಕಿ ಏನಾದ್ಳು ನೋಡಮು, ಓದು" ಅಂದರು.

ಪೂರ್ತಿ ಮುಗಿದ ಮೇಲೆ ಅವರು ಹೇಳಿದ ಮಾತನ್ನ ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ: "ಇದನ್ನ ಬರದಾಂವ ಹಸಿವು ಕಂಡಾನ. ಖರೆ ಆ ಅತ್ತಿ ಮುದುಕಿನ್ನ ಅಷ್ಟು ಕೆಟ್ಟಾಕಿ ಮಾಡಬಾರದಿತ್ತು, ಬೈಯೋ ಮಂದಿನೂ ಒಮ್ಮೊಮ್ಮೆ ಸುಮ್ನ ಕುಂತಿರ್ತಾರ." ನಂಜಮ್ಮನ ಅತ್ತೆ ಗಂಗಮ್ಮನ ಪಾತ್ರದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನ ನಾನು ಎಲ್ಲೂ ಓದಿಲ್ಲ. ಇಲ್ಲಿಂದ ನಲವತ್ತು ಕಿಲೋಮೀಟರ್ ದೂರದ ಮಳಖೇಡದಲ್ಲಿ, ಒಂಬತ್ತನೇ ಶತಮಾನದಲ್ಲೇ, ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಅಂತ ಕವಿರಾಜಮಾರ್ಗದಲ್ಲಿ ಬರೆದಿಟ್ಟರು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ ಆ ಮಾತು ಅರ್ಥ ಆಗಿದ್ದು ಆ ಮಧ್ಯಾಹ್ನ.

ಹಾಗಾಗಿ ನಾನು ಹೇಳೋದು, ಮನೆಯಲ್ಲಿ ಹಿರಿಯರಿದ್ದರೆ ಒಂದು ಕಾದಂಬರಿಯನ್ನಾದರೂ ಅವರಿಗೆ ಕೇಳುವ ಹಾಗೆ ಓದಿ. ದಿನಕ್ಕೆ ಹದಿನೈದು ಇಪ್ಪತ್ತು ಪುಟ ಸಾಕು, ಅದಕ್ಕಿಂತ ಜಾಸ್ತಿ ಆದರೆ ಗಂಟಲು ಒಣಗುತ್ತದೆ, ಪಕ್ಕದಲ್ಲಿ ಮಜ್ಜಿಗೆ ಇರಲಿ. ಅವರು ನಡುವೆ ಮಾತಾಡಿದರೆ ನಿಲ್ಲಿಸಿ, ಪುಸ್ತಕದ ಮೇಲೆ ಬೆರಳಿಟ್ಟು ಕೇಳಿಸಿಕೊಳ್ಳಿ. ಅವರ ಮಾತನ್ನ ಶಿಷ್ಟ ಕನ್ನಡಕ್ಕೆ ತಿದ್ದಬೇಡಿ, ಬಾಯಿಂದ ಬಂದ ಹಾಗೇ ಬರೀರಿ.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಒಂದು ಪುಟ ಕೊಡಬೇಕು. ಯಾವ ಪುಟಕ್ಕೆ ಬಿಟ್ಟೆ, ಅವತ್ತು ಮನೆಯಲ್ಲಿ ಏನು ನಡೀತಿತ್ತು, ಇಷ್ಟು ಬರೆದಿಡಿ. ಭೈರಪ್ಪನವರದ್ದೇ 'ಪರ್ವ' ಒಂದು ಮೇ ತಿಂಗಳಲ್ಲಿ ಶುರು ಮಾಡಿ ಬಿಟ್ಟಿದ್ದೆ. ಆಗ "ಎಳೀತಾರೆ, ಮುಂದೆ ಹೋಗ್ತಿಲ್ಲ" ಅಂತ ಬರೆದಿದ್ದೇನೆ. ಅದೇ ಪುಟದ ಮೇಲೆ "ಮೈದುನನ ಲಗ್ನದ ವಾರ" ಅಂತಲೂ ಇದೆ. ಮಹಾಭಾರತದ ಜನರನ್ನ ನಮ್ಮ ನಿಮ್ಮ ಹಾಗೆ ವಯಸ್ಸಾಗುವ, ದಣಿಯುವ ಮನುಷ್ಯರಾಗಿ ನೋಡುವ ಅಷ್ಟು ದೊಡ್ಡ ಪುಸ್ತಕಕ್ಕೆ, ಮನೆ ತುಂಬಾ ಬೀಗರಿದ್ದ ವಾರದಲ್ಲಿ ನಾನು ಎಲ್ಲಿಂದ ಮನಸ್ಸು ಕೊಡಲಿ? ಆ ಟಿಪ್ಪಣಿ ಇದ್ದದ್ದರಿಂದಲೇ ದಸರಾ ರಜೆಯಲ್ಲಿ ಮತ್ತೆ ತೆಗೆದೆ. ಹನ್ನೊಂದು ದಿನಕ್ಕೆ ಮುಗೀತು. ಕೆಲವು ಪುಸ್ತಕ ಬೇಸಿಗೆಗೆ ಆಗಿಬರೋದಿಲ್ಲ, ಅದು ನಮ್ಮ ತಪ್ಪೂ ಅಲ್ಲ, ಪುಸ್ತಕದ ತಪ್ಪೂ ಅಲ್ಲ.

ಕೊನೆಯ ಪುಟದಲ್ಲಿ ಎರವಲಿನ ಪಟ್ಟಿ ಇರಲಿ. ಯಾರಿಗೆ ಕೊಟ್ಟೆ, ಯಾವತ್ತು ಕೊಟ್ಟೆ. ನನ್ನ 'ಕರ್ವಾಲೊ' ಯಾರದೋ ಮನೆ ಸೇರಿ ಮೂರು ವರ್ಷ ಆಯ್ತು, ಯಾರಿಗೆ ಕೊಟ್ಟೆ ಅನ್ನೋದೇ ನೆನಪಿಲ್ಲ. ಅದರಲ್ಲಿ ಸಿಕ್ಕಿಸಿದ್ದ ಟಿಕೆಟ್‌ಗಳೂ ಹೋದವು, ನನಗೆ ಅದರದ್ದೇ ಹೆಚ್ಚು ಹಳಹಳಿ.

ಮುಂದಿನ ಏಪ್ರಿಲ್‌ನಲ್ಲಿ ಹೊಸ ಪುಸ್ತಕ ತೆಗೆಯುವ ಮೊದಲು ಹಳೇ ನೋಟ್‌ಬುಕ್ ಒಂದ್ಸಲ ಪೂರ್ತಿ ಓದಿ. ಅಭಿಪ್ರಾಯ ಬದಲಾಗಿದ್ದರೆ ಹಳೇದನ್ನ ಹೊಡೆದು ಹಾಕಬೇಡಿ, ಕೆಳಗೆ ತಾರೀಖು ಹಾಕಿ ಹೊಸದನ್ನ ಬರೀರಿ. 'ಘಾಚರ್ ಘೋಚರ್' ಪುಟದ ಕೆಳಗೆ ಈ ವರ್ಷ ಒಂದು ಸಾಲು ಸೇರಿಸಿದ್ದೇನೆ. ನಮ್ಮಣ್ಣನ ಮಗಳು ಈಗ ಡಿಗ್ರಿ ಕೊನೇ ವರ್ಷ. ಈ ಸಲ ಬಂದಾಗ ಪುಸ್ತಕದ ಬದಲು ನೋಟ್‌ಬುಕ್ಕೇ ಅವಳ ಕೈಗೆ ಕೊಟ್ಟೆ. ಪತ್ರಾವಳಿಯ ಪುಟ ಓದಿ ಸೀದಾ ನಮ್ಮತ್ತೆಯ ಹತ್ತಿರ ಹೋಗಿ, "ಆಯಿ, ನಿಮ್ಮ ಹೆಬ್ಬಟ್ಟು ತೋರಿಸ್ರಿ" ಅಂದಳು. ಸಂಜೆ 'ಗೃಹಭಂಗ' ತನ್ನ ಬ್ಯಾಗಿಗೆ ಹಾಕಿಕೊಂಡಳು. ಪಟ್ಟಿಯಲ್ಲಿ ಹೆಸರು, ತಾರೀಖು ಅವಳೇ ಬರೆದಿದ್ದಾಳೆ.